ಅಡಿಕೆ ಮರದಿಂದ ಬಿದ್ದ ಮೇಲಿನ ಮೂರು ವರ್ಷ

ತೋಟದ ನೈಋತ್ಯ ಅಂಚಿನ ಆ ಮರ ನನಗೆ ಚೆನ್ನಾಗಿ ಗೊತ್ತಿತ್ತು. ಆಚೆ ಬದಿಯ ಕಾಟು ಮಾವನ್ನು ಕಡಿದ ಮೇಲೆ ಸಂಜೆಯ ಬಿಸಿಲು ನೇರ ಅದರ ಕಾಂಡಕ್ಕೆ ಬೀಳುತ್ತಿತ್ತು. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಉದ್ದಕ್ಕೆ ಸೀಳು. ಬಿಸಿಲಿಗೆ ಸುಟ್ಟ ಮರ ಗಾಳಿಗೆ ಮುರಿಯುತ್ತದೆ ಎಂದು ಎಷ್ಟೋ ಜನರಿಗೆ ಹೇಳಿದವ ನಾನೇ. 2022ರ ಜುಲೈಯಲ್ಲಿ ಅದೇ ಮರಕ್ಕೆ ಹತ್ತಿದವನೂ ನಾನೇ.

ಎರಡನೇ ಸುತ್ತಿನ ಮದ್ದು ಬಿಡುತ್ತಿದ್ದೆವು. ಮರ ಹತ್ತುವವ ಮಧ್ಯಾಹ್ನದ ಮೇಲೆ ಇನ್ನೊಂದು ತೋಟಕ್ಕೆ ಒಪ್ಪಿಕೊಂಡಿದ್ದ. ಅವನನ್ನು ದೂರುವುದಲ್ಲ, ವಾರದಿಂದ ಬಿಡದ ಮಳೆ, ಹೊಳವಾದ ದಿನ ಎಲ್ಲರಿಗೂ ಅವನೇ ಬೇಕು. ಹದಿನೆಂಟು ಮರ ಬಾಕಿ. ಡ್ರಮ್ಮಿನಲ್ಲಿ ಮಾಡಿಟ್ಟ ಬೋರ್ಡೋ ದ್ರಾವಣ ಮರುದಿನಕ್ಕೆ ಇಡುವ ಹಾಗಿಲ್ಲ. ಪ್ರಾಯದಲ್ಲಿ ನಾನೂ ಮರ ಹತ್ತಿದವ. 46 ವರ್ಷ ಎಂತ ದೊಡ್ಡ ಪ್ರಾಯ ಎಂದುಕೊಂಡು ತಳೆ ಹಾಕಿದೆ. ಹನ್ನೊಂದು ಮರ ಆಯಿತು. ಹನ್ನೆರಡನೆಯದರಲ್ಲಿ ಸುಮಾರು 25 ಅಡಿ ಮೇಲಿದ್ದಾಗ ಮರ ಸುಟ್ಟ ಜಾಗದಲ್ಲೇ ಲಟಕ್ಕೆಂದಿತು.

ಬಿದ್ದದ್ದು ಕಣಿಯ ಅಂಚಿಗೆ, ಕುಂಡೆ ಊರಿ. ತಲೆಗೆ ಏನೂ ಆಗಲಿಲ್ಲ. ಪ್ರಜ್ಞೆ ಪೂರ್ತಿ ಇತ್ತು. ಸೊಂಟದ ಮೇಲೆ ಯಾರೋ ಕತ್ತಿ ಹಾಕಿದ ಹಾಗೆ ನೋವು. ಅಂಗಾತ ಬಿದ್ದುಕೊಂಡು ನಾನು ಮೊದಲು ನೋಡಿದ್ದು ಕಾಲನ್ನು. ಎರಡೂ ಹೆಬ್ಬೆರಳು ಸಣ್ಣಕ್ಕೆ ಆಡುತ್ತಿದ್ದವು. ಇದು ನನಗೆ ಸರಿಯಾಗಿ ನೆನಪಿದೆ.

ಕೆಳಗೆ ಹೋಸು ಹಿಡಿದಿದ್ದ ನಮ್ಮ ಕೆಲಸದವ ಬೊಬ್ಬೆ ಹಾಕಿ ಓಡಿ ಬಂದ. ಪಕ್ಕದ ಮನೆಯ ಭಾವನೂ ಬಂದರು. ಗಾಬರಿಯಲ್ಲಿ ಯಾರಾದರೂ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಒಬ್ಬರು ಕಂಕುಳಿಗೆ ಕೈ ಹಾಕಿದರು, ಇನ್ನೊಬ್ಬ ಮೊಣಕಾಲಿಗೆ. ನಡುವೆ ಸೊಂಟ ಜೋತು ಬಿದ್ದಿತು. ಹಾಗೇ ಎತ್ತಿ ಸಂಕ ದಾಟಿಸಿ, ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. “ಒರಗಿ ಕೂತ್ಕೊಳ್ಳಿ ಅಣ್ಣ, ಹತ್ತು ನಿಮಿಷ” ಎಂದ ಅವ. ಮಣ್ಣಿನ ರಸ್ತೆ ಮುಗಿಯುವುದರೊಳಗೆ ಕಾಲು ನನ್ನದಲ್ಲ ಎಂಬ ಹಾಗಾಗಿತ್ತು.

ಎತ್ತಿದ್ದರಿಂದಲೇ ಹೀಗಾಯಿತೇ? ಆಪರೇಷನ್ ಮಾಡಿದ ಡಾಕ್ಟರರನ್ನು ಕೇಳಿದ್ದೇನೆ. “ಹೇಳಲಿಕ್ಕಾಗುವುದಿಲ್ಲ. ಬಿದ್ದ ಪೆಟ್ಟಿಗೇ ಒಳಗೆ ಬಾವು ಬಂದು ಸ್ವಲ್ಪ ಹೊತ್ತಿನ ಮೇಲೆ ಶಕ್ತಿ ಹೋಗುವುದೂ ಉಂಟು. ಆದರೆ ಮುರಿದ ಬೆನ್ನನ್ನು ಬಾಗಿಸಬಾರದಿತ್ತು” ಎಂದರು. ನಾನು ಅಷ್ಟಕ್ಕೇ ಬಿಟ್ಟೆ. ನಮ್ಮ ಕೆಲಸದವ ಬಿಡಲಿಲ್ಲ. ಆರು ತಿಂಗಳು ನಮ್ಮ ಮನೆ ಕಡೆ ಬಾರದೆ ಇದ್ದ.

ಮರದಿಂದ ಬಿದ್ದವರನ್ನು ಹೇಗೆ ಎತ್ತಬೇಕೆಂದು ನಾನು ಕಲಿತದ್ದು ಬಿದ್ದ ಮೇಲೆ. ನೀವು ಈಗಲೇ ಓದಿಟ್ಟುಕೊಳ್ಳಿ. ಬೆಂಕಿ, ವಿದ್ಯುತ್ ತಂತಿಯಂಥ ಅಪಾಯ ಪಕ್ಕದಲ್ಲಿ ಇಲ್ಲದಿದ್ದರೆ ಬಿದ್ದಲ್ಲೇ ಮಲಗಿರಲಿ. ಮಳೆ ಬಂದರೆ ಮೇಲೊಂದು ಟಾರ್ಪಾಲು ಹಿಡಿಯಿರಿ. ಕೂರಿಸಬೇಡಿ, ನಿಲ್ಲಿಸಿ ನೋಡಬೇಡಿ, ನೀರು ಕುಡಿಸಬೇಡಿ. ಕಾಲ್ಬೆರಳು ಆಡುತ್ತದೋ, ಮುಟ್ಟಿದರೆ ಗೊತ್ತಾಗುತ್ತದೋ ಕೇಳಿ ನೆನಪಿಟ್ಟುಕೊಳ್ಳಿ. ಡಾಕ್ಟರರಿಗೆ ಅದು ಬೇಕಾಗುತ್ತದೆ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರಲಾಗದ ಜಾಗವಾದರೆ ಒಂದು ಹಲಗೆ ತನ್ನಿ. ಬಾಗಿಲ ಪಡಿಯಾದರೂ ಆದೀತು. ನಾಲ್ಕು ಜನ ಬೇಕು. ಒಬ್ಬ ತಲೆ ಮತ್ತು ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಆಚೀಚೆ ತಿರುಗದ ಹಾಗೆ ನೋಡಬೇಕು. ಲೆಕ್ಕ ಹೇಳುವುದೂ ಅವನೇ. ಉಳಿದ ಮೂವರು ಹೆಗಲು, ಸೊಂಟ, ಕಾಲು ಹಿಡಿದು ಮರದ ದಿಮ್ಮಿ ಉರುಳಿಸುವಂತೆ ಇಡೀ ಮೈಯನ್ನು ಒಟ್ಟಿಗೇ ಪಕ್ಕಕ್ಕೆ ತಿರುಗಿಸಿ, ಬೆನ್ನಿಗೆ ಹಲಗೆ ಕೊಟ್ಟು, ಒಟ್ಟಿಗೇ ಮಲಗಿಸಬೇಕು. ಎದೆ, ಸೊಂಟ, ಕಾಲಿಗೆ ಬೈರಾಸು ಕಟ್ಟಿ, ತಲೆಯ ಎರಡೂ ಬದಿಗೆ ಬಟ್ಟೆ ಸುತ್ತಿ ಇಡಿ. ಕಾರಿಗಿಂತ ಪಿಕಪ್ ವಾಸಿ. ಹತ್ತು ನಿಮಿಷ ತಡವಾದರೆ ಆಗಲಿ.

ಒಳಗೆ ಎಂತ ಆದದ್ದು?

ಬೆನ್ನೆಲುಬೆಂದರೆ ಒಂದರ ಮೇಲೊಂದು ಇಟ್ಟ ಮಣಿಗಳು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗಿನವು ದೊಡ್ಡವರಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಎದೆಯ ಮಣಿಗಳು ಪಕ್ಕೆಲುಬಿನ ಗೂಡಿಗೆ ಬಿಗಿದಿವೆ, ಸೊಂಟದವು ಬಾಗಿ ಬಳುಕುತ್ತವೆ. ಬಿಗಿ ಮತ್ತು ಸಡಿಲ ಸೇರುವ ಕಡೆಯೇ ಮುರಿಯುವುದು ಹೆಚ್ಚು. ಸಿಮೆಂಟಿನಿಂದ ಹೊರಬರುವ ಪೈಪು ಬುಡದಲ್ಲೇ ತುಂಡಾಗುವುದಿಲ್ಲವೇ, ಹಾಗೆ. ಎತ್ತರದಿಂದ ಕುಂಡೆ ಊರಿ ಬಿದ್ದರೆ ಇಡೀ ಮೈಭಾರ ಆ ಜಾಗಕ್ಕೆ ಬರುತ್ತದೆ. ನನ್ನದು ಸೊಂಟದ ಮೊದಲ ಮಣಿ, ಡಾಕ್ಟರರ ಭಾಷೆಯಲ್ಲಿ ಎಲ್1. ಅದು ಜಜ್ಜಿ ಒಡೆದು, ಒಂದು ಚೂರು ಹಿಂದಕ್ಕೆ ಸರಿದು ನರದ ದಾರಿಗೆ ಅಡ್ಡ ಕೂತಿತ್ತು.

ಬೆನ್ನುಹುರಿ ಬೆನ್ನಿನ ತುದಿವರೆಗೂ ಇಳಿಯುತ್ತದೆ ಎಂದೇ ನಾನು ಎಣಿಸಿದ್ದೆ. ಹಾಗಲ್ಲ. ದೊಡ್ಡವರಲ್ಲಿ ಸೊಂಟದ ಮೊದಲ ಅಥವಾ ಎರಡನೇ ಮಣಿಯ ಹತ್ತಿರ ಅದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಗೊಂಚಲು. ಅದಕ್ಕೆ ಕುದುರೆ ಬಾಲ ಎಂಬರ್ಥದ ಲ್ಯಾಟಿನ್ ಹೆಸರಂತೆ. ಅಡಿಕೆಯವರಿಗೆ ಹೇಳುವುದಾದರೆ ಹಾಳೆಯಿಂದ ಆಗಷ್ಟೇ ಬಿಚ್ಚಿದ ಹಿಂಗಾರ. ವ್ಯತ್ಯಾಸ ಎಂತದೆಂದರೆ, ಹುರಿ ತುಂಡಾದರೆ ಮತ್ತೆ ಕೂಡಿಕೊಳ್ಳುವುದಿಲ್ಲ. ಕೆಳಗಿನ ಹಿಂಗಾರದ ಎಳೆಗಳಿಗೆ ಮಾತ್ರ ಕೈಕಾಲಿನ ನರಗಳ ಹಾಗೆ ಚಿಗುರುವ ಶಕ್ತಿ ಸ್ವಲ್ಪ ಉಂಟು. ಚಿಗುರಿದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಪಾದಕ್ಕೆ ಎಷ್ಟು ದೂರ, ನೀವೇ ಲೆಕ್ಕ ಹಾಕಿ. ನನಗೆ ಪೆಟ್ಟು ಬಿದ್ದದ್ದು ಎರಡೂ ಸೇರುವಲ್ಲಿ. ಆದ್ದರಿಂದ ಕೆಲವು ಬಂದವು, ಕೆಲವು ಬರಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಮೂರನೇ ದಿನ ಚೂರು ಸರಿಸಿ, ಮೇಲೆ ಕೆಳಗಿನ ಮಣಿಗಳಿಗೆ ತಿರುಪು ಹಾಕಿ ಎರಡು ಲೋಹದ ಸರಳು ಕೂರಿಸಿದರು. ಅದಕ್ಕೆ ಮೊದಲು ಡಾಕ್ಟರರು ಗುದದ ಸುತ್ತ ಸೂಜಿ ಚುಚ್ಚಿ “ಗೊತ್ತಾಗ್ತದಾ?” ಎಂದು ಕೇಳಿದ್ದರು. ಎಡಗಡೆ ಮಸುಕಾಗಿ ಗೊತ್ತಾಗುತ್ತಿತ್ತು. ಕಾಲು ಬಿಟ್ಟು ಇದನ್ನೆಂತ ನೋಡುವುದು ಎಂದು ನನಗೆ ಸಿಟ್ಟು ಬಂದದ್ದೂ ಹೌದು. ಆಮೇಲೆ ತಿಳಿಯಿತು, ಮೈಯ ಅತಿ ಕೆಳಗಿನ ನರ ಅಲ್ಲಿಗೆ ಹೋಗುವುದು. ಅಲ್ಲಿ ಸ್ಪರ್ಶ ಉಳಿದಿದೆ ಎಂದರೆ ದಾರಿ ಪೂರ್ತಿ ಕಡಿದಿಲ್ಲ, ಚೇತರಿಕೆಗೆ ಆಸೆ ಇಟ್ಟುಕೊಳ್ಳಬಹುದು ಎಂದರ್ಥ. ಆಪರೇಷನ್ ಮಾಡಿದರೆ ಕಾಲು ಬರುತ್ತದೆ ಎಂದು ಮನೆಯವರು ಎಣಿಸಿದ್ದರು. ಆಪರೇಷನ್ ಎಲುಬನ್ನು ನಿಲ್ಲಿಸುತ್ತದೆ, ಒತ್ತಡ ತೆಗೆಯುತ್ತದೆ. ನರ ತನ್ನಷ್ಟಕ್ಕೆ ಬರಬೇಕು.

ಕಾಲಿಗಿಂತ ಮೊದಲು ಚರ್ಮ

ಇಪ್ಪತ್ತನೇ ದಿನ ಮನೆಗೆ ಕಳುಹಿಸಿದರು. ಖರ್ಚು ಆಗಲೇ ಐದು ಲಕ್ಷ ದಾಟಿತ್ತು, ನಾವೂ ಹೊರಡುವ ಅವಸರದಲ್ಲಿದ್ದೆವು. ಮಾತ್ರೆಯ ಚೀಟಿ ಕೊಟ್ಟರು, ಹೊಲಿಗೆ ಬಿಚ್ಚುವ ದಿನ ಹೇಳಿದರು. ಮಗ್ಗುಲು ಬದಲಿಸಬೇಕೆಂದು ಯಾರೋ ಅಂದದ್ದು ನೆನಪಿದೆ. ಬದಲಿಸದಿದ್ದರೆ ಎಂತ ಆಗುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಒಂದು ವಾರದಲ್ಲಿ ಸೊಂಟದ ಕೆಳಗೆ, ಬೆನ್ನಿನ ತುದಿಯಲ್ಲಿ ರೂಪಾಯಿ ಅಗಲದ ಕೆಂಪು ಕಂಡಿತು. ನನಗೆ ನೋವಿಲ್ಲ, ಹಾಗಾಗಿ ದೂರಿಲ್ಲ. ಹೆಂಡತಿ ತೆಂಗಿನೆಣ್ಣೆ ಹಚ್ಚಿದಳು. ಮತ್ತೊಂದು ವಾರಕ್ಕೆ ಚರ್ಮ ಕಪ್ಪಾಗಿ ಕಳಚಿ ನಿಂಬೆಹಣ್ಣು ಹಿಡಿಯುವಷ್ಟು ಗುಂಡಿ. ವಾಸನೆ, ಜ್ವರ. ಆ ಗುಂಡಿ ತುಂಬಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ಕೂರುವ ಹಾಗಿಲ್ಲ, ಅಂಗಾತ ಮಲಗುವ ಹಾಗಿಲ್ಲ. ವ್ಯಾಯಾಮ ಹೆಚ್ಚುಕಡಿಮೆ ನಿಂತೇ ಹೋಯಿತು. ನರ ಚೇತರಿಸಿಕೊಳ್ಳುವ ಮುಖ್ಯ ಕಾಲ ಮೊದಲ ಆರು ತಿಂಗಳು, ಆಮೇಲೆ ನಿಧಾನವಾಗುತ್ತ ಹೋಗುತ್ತದೆ. ನನ್ನ ಆರರಲ್ಲಿ ನಾಲ್ಕನ್ನು ಈ ಗುಂಡಿ ತಿಂದಿತು. ಬಿದ್ದದ್ದಕ್ಕಿಂತ ಹೆಚ್ಚು ಬೇಸರ ನನಗೆ ಇದರದ್ದು.

ಈ ನಡುವೆ ನಂಟರು ಹೇಳಿದ ಒಬ್ಬರು ಬಂದು ಎಣ್ಣೆ ತಿಕ್ಕಿ ಬಿಸಿ ಕಿಳಿ ಇಟ್ಟರು. “ಬಿಸಿ ತಾಗ್ತದಾ?” ಎಂದು ಕೇಳಿದರು. ತಾಗಲಿಲ್ಲ. ಇನ್ನಷ್ಟು ಬಿಸಿ ಮಾಡಿದರು. ಸಂಜೆ ಮೀನಖಂಡದಲ್ಲಿ ಅಂಗೈ ಅಗಲದ ಬೊಬ್ಬೆ. ಸ್ಪರ್ಶ ಇಲ್ಲದ ಕಾಲಿಗೆ ಬಿಸಿನೀರ ಚೀಲ, ಒಲೆಯ ಬದಿ, ಮಧ್ಯಾಹ್ನದ ಅಂಗಳ ಎಲ್ಲವೂ ಸುಡುತ್ತವೆ, ನಮಗೆ ಗೊತ್ತಾಗುವುದಿಲ್ಲ. ಈಗ ಸ್ನಾನದ ನೀರನ್ನು ನಾನು ಮೊದಲು ಮೊಣಕೈಯಲ್ಲಿ ಮುಟ್ಟಿ ನೋಡುತ್ತೇನೆ.

ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ರಾತ್ರಿಯೂ. ಕುರ್ಚಿಯಲ್ಲಿ ಕೂತರೆ ಕಾಲು ಗಂಟೆಗೊಮ್ಮೆ ಕೈ ಊರಿ ಕುಂಡೆ ಎತ್ತಬೇಕು, ಇಲ್ಲವೇ ಒಂದು ಬದಿಗೆ ವಾಲಬೇಕು. ದಿನಕ್ಕೆರಡು ಸಲ ಕನ್ನಡಿ ಹಿಡಿದು ಬೆನ್ನಿನ ತುದಿ, ಸೊಂಟದ ಬದಿ, ಹಿಮ್ಮಡಿ ನೋಡಬೇಕು. ಕೆಂಪು ಕಂಡು, ಬೆರಳಲ್ಲಿ ಒತ್ತಿದರೂ ಬಿಳಿಯಾಗದಿದ್ದರೆ ಆ ಜಾಗಕ್ಕೆ ಇನ್ನು ಭಾರ ಬೀಳಬಾರದು. ಗಾಳಿ ಹಾಸಿಗೆ ಒಳ್ಳೆಯದೇ. ಆದರೆ ಅದು ಉಂಟೆಂದು ತಿರುಗಿಸದೆ ಬಿಡಬೇಡಿ. ನಮ್ಮಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಅದು ಬರೀ ಪ್ಲಾಸ್ಟಿಕ್ ಚೀಲ.

ಈ ಎರಡು ಗಂಟೆಯ ಲೆಕ್ಕಕ್ಕೆ ಒಂದು ಕಥೆ ಉಂಟು. ಒಂದು ಕಾಲದಲ್ಲಿ ಬೆನ್ನುಹುರಿ ಮುರಿದವರಲ್ಲಿ ಹೆಚ್ಚಿನವರು ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಡಾಕ್ಟರರು ಯುದ್ಧದಲ್ಲಿ ಗಾಯಗೊಂಡವರಿಗಾಗಿ ವಾರ್ಡ್ ನಡೆಸಲು ಹೊರಟರು. ಅಲ್ಲಿ ಹಗಲು ರಾತ್ರಿ ಎರಡು ಗಂಟೆಗೊಮ್ಮೆ ತಿರುಗಿಸುವುದನ್ನು ನಿಯಮ ಮಾಡಿದರು. ಹೊಸ ಮದ್ದಿಗಿಂತ ಹೆಚ್ಚು ಜನರನ್ನು ಗಡಿಯಾರ ಉಳಿಸಿತು ಎಂದು ನಮ್ಮ ಫಿಸಿಯೋಥೆರಪಿಯವರು ಹೇಳುತ್ತಿದ್ದರು.

ಬರೆಯಲು ನಾಚಿಕೆಯ ವಿಷಯ

ನೋಡಲು ಬಂದವರೆಲ್ಲ ಕೇಳುವುದು “ಕಾಲು ಬಂತಾ?” ಎಂದು. ಮೂತ್ರ ಹೇಗೆ ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹುರಿಯ ತುದಿಗೆ ಪೆಟ್ಟಾದರೆ ಕಾಲಿಗಿಂತ ಹೆಚ್ಚು ಕೆಡುವುದು ಮೂತ್ರ ಮತ್ತು ಮಲದ ಹಿಡಿತ. ಚೀಲ ತುಂಬಿದ್ದು ತಿಳಿಯುವುದಿಲ್ಲ. ತುಂಬಿ ತುಂಬಿ ಸೋರುತ್ತದೆ. ಒಳಗೆ ಉಳಿದದ್ದು ಕೊಳೆತು ಸೋಂಕಾಗುತ್ತದೆ, ಒತ್ತಡ ಹೆಚ್ಚಾದರೆ ಮೂತ್ರಪಿಂಡಕ್ಕೇ ಏಟು.

ಮೊದಲ ಐದು ತಿಂಗಳು ನನಗೆ ಕೆಥೀಟರ್ ಖಾಯಂ ಹಾಕಿಟ್ಟಿದ್ದರು. ಮೂರು ಸಲ ಚಳಿಜ್ವರ ಬಂದು ಆಸ್ಪತ್ರೆ ಸೇರಿದೆ. ಆಮೇಲೆ ಪುನಶ್ಚೇತನ ಕೇಂದ್ರವೊಂದಕ್ಕೆ ಹೋದಾಗ ಅಲ್ಲಿನ ನರ್ಸಮ್ಮ ಮೊದಲ ದಿನವೇ ಕೆಥೀಟರ್ ತೆಗೆದು, ನಾನೇ ಹಾಕಿಕೊಳ್ಳುವುದನ್ನು ಕಲಿಸಿದರು. ನಾಲ್ಕರಿಂದ ಆರು ಗಂಟೆಗೊಮ್ಮೆ, ಕೈಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದು, ಸಣ್ಣ ಕೆಥೀಟರ್ ಒಳಗೆ ಬಿಟ್ಟು, ಪೂರ್ತಿ ಖಾಲಿ ಮಾಡಿ, ತೆಗೆದುಬಿಡುವುದು. ಪ್ರತಿ ಸಲ 400 ಮಿಲಿಲೀಟರಿನ ಒಳಗೆ ಬರಬೇಕು. ಹೆಚ್ಚು ಬಂದರೆ ಕುಡಿದದ್ದು ಜಾಸ್ತಿ, ಇಲ್ಲವೇ ಮಾಡಿದ್ದು ತಡ. ಅಮೆರಿಕದ ಲ್ಯಾಪಿಡೀಸ್ ಎಂಬ ಡಾಕ್ಟರರು 1972ರಲ್ಲಿ ತೋರಿಸಿಕೊಟ್ಟ ಕ್ರಮವಂತೆ ಇದು. “ನನ್ನಿಂದಾಗದು” ಎಂದೆ. “ಭಟ್ರೇ, ಅಡಿಕೆಗೆ ಕಸಿ ಇಲ್ಲ, ಆದ್ರೆ ಕಾಳುಮೆಣಸಿಗೆ ಕಸಿ ಕಟ್ತೀರಲ್ಲ? ಅದರಷ್ಟು ಕಷ್ಟ ಇಲ್ಲ” ಎಂದರು. ನಾಲ್ಕನೇ ದಿನಕ್ಕೆ ಬಂತು. ಆಮೇಲೆ ಈವರೆಗೆ ಚಳಿಜ್ವರ ಒಂದೇ ಸಲ.

ಮಲಕ್ಕೂ ಹೀಗೇ ಹೊತ್ತು ಗೊತ್ತು ಮಾಡಬೇಕು. ಬೆಳಿಗ್ಗೆ ಬಿಸಿ ಕಾಫಿ ಕುಡಿದು ಅರ್ಧ ಗಂಟೆಗೆ, ದಿನಾ ಅದೇ ಹೊತ್ತಿಗೆ. ನನ್ನಂಥ ಪೆಟ್ಟಿನಲ್ಲಿ ತಾನಾಗಿ ಹೊರಬೀಳುವುದಿಲ್ಲ. ಗ್ಲೌಸ್ ಹಾಕಿ, ಎಣ್ಣೆಯಂಥ ಜೆಲ್ಲಿ ಹಚ್ಚಿ ಬೆರಳಿನಿಂದ ತೆಗೆಯಬೇಕು. ಮೊದಲು ಹೆಂಡತಿ ಮಾಡುತ್ತಿದ್ದಳು, ಈಗ ನಾನೇ. ಇದು ಸರಿಯಾದ ದಿನವೇ ನಾನು ಮದುವೆ ಮನೆಗೆ ಹೋಗುವ ಧೈರ್ಯ ಮಾಡಿದ್ದು. ಗಂಡ ಹೆಂಡಿರ ಸಂಬಂಧಕ್ಕೂ ಪೆಟ್ಟು ಬೀಳುತ್ತದೆ. ಅದಕ್ಕೂ ಚಿಕಿತ್ಸೆ ಇದೆ, ಡಾಕ್ಟರರು ಅವರಾಗಿ ಹೇಳುವುದಿಲ್ಲ, ಕೇಳಬೇಕು. ನಾನು ಕೇಳಲು ಒಂದೂವರೆ ವರ್ಷ ತಡಮಾಡಿದೆ.

ಮೇಲಿನಿಂದ ಕೆಳಕ್ಕೆ

ಕಾಲು ಬಂದ ಕ್ರಮ ವಿಚಿತ್ರ. ತೋಡಿಗೆ ನೀರು ಬಿಟ್ಟ ಹಾಗೆ, ಮೇಲಿನಿಂದ ಕೆಳಕ್ಕೆ. ಐದನೇ ವಾರದಲ್ಲಿ ತೊಡೆ ಎತ್ತುವ ಸ್ನಾಯು ಮಿಸುಕಿತು. ಮೂರನೇ ತಿಂಗಳಿಗೆ ಮೊಣಕಾಲು ನೇರ ಮಾಡುವ ಶಕ್ತಿ, ಬಲಕ್ಕಿಂತ ಎಡದಲ್ಲಿ ಹೆಚ್ಚು. ವರ್ಷದ ಹೊತ್ತಿಗೆ ಎಡ ಪಾದ ಸ್ವಲ್ಪ ಮೇಲೆದ್ದಿತು. ಬಲ ಪಾದ ಇನ್ನೂ ಜೋತಾಡುತ್ತದೆ. ಮೀನಖಂಡ ಎರಡೂ ಕಡೆ ಸೊರಗಿದೆ. ಮೂತ್ರದ ಹಿಡಿತ ಬರಲಿಲ್ಲ, ಬರುವ ಆಸೆ ಈಗ ಇಟ್ಟುಕೊಂಡಿಲ್ಲ.

ಪುನಶ್ಚೇತನ ಕೇಂದ್ರದಲ್ಲಿ ಎರಡು ತಿಂಗಳಿದ್ದೆ. ನಮ್ಮ ಕೋಣೆಯಲ್ಲಿ ಐದು ಜನ. ಒಬ್ಬ ಹಲಸಿನ ಮರದಿಂದ, ಒಬ್ಬ ತೆಂಗಿನ ಮರದಿಂದ, ಒಬ್ಬ ಮನೆ ಮಾಡಿನಿಂದ, ಒಬ್ಬ ಬೈಕಿನಿಂದ ಬಿದ್ದವರು. ಹಲಸಿನವ ಎದೆಯ ಮಧ್ಯಕ್ಕೆ ಪೆಟ್ಟಾದವ, ಕಾಲು ಒಂದಿಷ್ಟೂ ಬಂದಿರಲಿಲ್ಲ. ಆದರೆ ಗಾಲಿ ಕುರ್ಚಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಕಮೋಡಿಗೆ ಯಾರ ಸಹಾಯವೂ ಇಲ್ಲದೆ ದಾಟುತ್ತಿದ್ದ. ನಾನು ಕಾಲು ಇದ್ದೂ ಎರಡು ಜನರನ್ನು ಕರೆಯುತ್ತಿದ್ದೆ. ಚೇತರಿಕೆ ಎಂಬ ಮಾತಿನ ಅರ್ಥ ನನಗೆ ಅವನನ್ನು ನೋಡಿ ಬದಲಾಯಿತು. ವೆಲ್ಲೂರಿನ ಮೇರಿ ವರ್ಗೀಸರ ಕಥೆಯನ್ನೂ ಅಲ್ಲೇ ಕೇಳಿದ್ದು. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳಕೊಂಡ ಆ ಡಾಕ್ಟರು, ಗಾಲಿ ಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ನಮ್ಮಂಥವರಿಗಾಗಿ ಪುನಶ್ಚೇತನ ಸಂಸ್ಥೆ ಕಟ್ಟಿದರು.

ಮನೆಗೆ ಬಂದು ಹಳೆಯ ಸ್ಪ್ರಿಂಕ್ಲರಿನ ಜಿಐ ಪೈಪಿನಲ್ಲಿ 12 ಅಡಿ ಉದ್ದದ ಜೋಡಿ ಕಂಬಿ ಮಾಡಿಸಿದೆ, ಜಗಲಿಯಲ್ಲೇ, ಸೊಂಟದ ಎತ್ತರಕ್ಕೆ. ಎರಡೂ ಪಾದಕ್ಕೆ ಪ್ಲಾಸ್ಟಿಕ್ ಪಟ್ಟಿ, ಬೂಟಿನೊಳಗೆ ಕೂರುವಂಥದ್ದು. ಬೆಳಿಗ್ಗೆ ಹತ್ತು ಸುತ್ತು, ಸಂಜೆ ಹತ್ತು. ಅಂಗಳಕ್ಕಿಳಿಯುವ ಮೆಟ್ಟಿಲು ಒಂದು ಅಡಿ ಎತ್ತರ. ಅದಕ್ಕೆ 12 ಅಡಿ ಉದ್ದದ ಇಳಿಜಾರು ಬೇಕೆಂದರು. ಜಾಗ ಇಲ್ಲವೆಂದು ಆರು ಅಡಿಗೆ ಮುಗಿಸಿದ ಮೇಸ್ತ್ರಿಯ ಮಾತು ಕೇಳಿ ಒಮ್ಮೆ ಕುರ್ಚಿ ಸಮೇತ ಅಂಗಳಕ್ಕೆ ಉರುಳಿದೆ. ಒಡೆದು ಮತ್ತೆ ಮಾಡಿಸಿದ್ದಾಯಿತು.

ಈಗ ಮೊಣಕೈ ಊರುಗೋಲಲ್ಲಿ ಪಂಪು ಶೆಡ್ಡಿನವರೆಗೆ ಹೋಗಿ ಬರುತ್ತೇನೆ. ಮಳೆಗಾಲದಲ್ಲಿ ಪಾಚಿಯ ಮೇಲೆ ಇಲ್ಲ. ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂತು ಅಡಿಕೆ ಸುಲಿಯುತ್ತೇನೆ, ಮೇಜಿನ ಎತ್ತರದಲ್ಲಿ ಮೆಣಸಿನ ಬಳ್ಳಿ ಲಕೋಟೆಗೆ ಹಾಕುತ್ತೇನೆ. ಅಪಘಾತ ವಿಮೆ ನಾನು ಮಾಡಿಸಿರಲಿಲ್ಲ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಬ್ಯಾಂಕ್ ಖಾತೆಯಿಂದಲೇ ಹೋಗುತ್ತದೆ. ಅಪಘಾತದಲ್ಲಿ ಎರಡೂ ಕಾಲಿನ ಉಪಯೋಗ ಪೂರ್ತಿ, ಮತ್ತೆ ಬಾರದಂತೆ ಹೋದರೆ ಎರಡು ಲಕ್ಷ ಸಿಗುತ್ತದೆ. ಎರಡು ಲಕ್ಷ ದೊಡ್ಡ ಮೊತ್ತವೇನಲ್ಲ, ಆದರೆ ಗಾಳಿ ಹಾಸಿಗೆಗೆ ಸಾಲ ಮಾಡಬೇಕಾಗುವುದಿಲ್ಲ. ಈಗ ನಮ್ಮ ತೋಟಕ್ಕೆ ಬರುವ ಎಲ್ಲರದ್ದೂ ಆಗಿದೆ.

ಸುಟ್ಟ ಮರಗಳನ್ನು ಸುಣ್ಣದಲ್ಲಿ ಗುರುತು ಹಾಕಿ ಕಡಿಸಿದೆ, ಹದಿನಾಲ್ಕು ಇದ್ದವು. ಉಳಿದ ಅಂಚಿನ ಮರಗಳಿಗೆ ಬೇಸಿಗೆಗೆ ಮೊದಲು ಸೋಗೆ ಕಟ್ಟುತ್ತೇವೆ. ಮದ್ದು ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ, ನೆಲದಲ್ಲಿ ನಿಂತೇ. ಕುತ್ತಿಗೆ ನೋಯುತ್ತದೆ ಎಂದು ಅವ ದೂರುತ್ತಾನೆ.

ಹೌದು, ನಮ್ಮ ಕೆಲಸದವ ತಿರುಗಿ ಬಂದ. ಆರು ತಿಂಗಳ ಮೇಲೆ ನಾನೇ ಫೋನ್ ಮಾಡಿ, “ನೀನು ಎತ್ತದಿದ್ದರೆ ನಾನು ಕಣಿಯಲ್ಲೇ ಇರ್ತಿದ್ದೆ ಮಾರಾಯ, ಬಾ” ಎಂದೆ. ಕೊಟ್ಟಿಗೆಯ ಗೋಡೆಯಲ್ಲಿ ಆರೂವರೆ ಅಡಿಯ ಹಲಸಿನ ಹಲಗೆಯೊಂದು ತೂಗುತ್ತದೆ, ಎರಡೂ ಬದಿಗೆ ಹಿಡಿಯಲು ಕಂಡಿ ಕೊರೆದದ್ದು. ಅದನ್ನು ಮಾಡಿಸಿ ತಂದವ ಅವನೇ. ಕಳೆದ ಕೊಯ್ಲಿಗೆ ಆಚೆಮನೆಯವರು ಬಂದು ಒಯ್ದಿದ್ದರು. ಅವರಲ್ಲಿ ಇನ್ನೂ ಮರ ಹತ್ತಿಯೇ ಕೊನೆ ತೆಗೆಯುವುದು. ಕೊಯ್ಲು ಮುಗಿದ ಮೇಲೆ ಒರೆಸಿ ವಾಪಸು ತಂದಿಟ್ಟಿದ್ದಾರೆ.